ಯಾರೂ ಒಡೆಯದ ಕಲ್ಲು

ಕೆಂಪು ಜೋಳದ ಹಿಟ್ಟು ಕೈಕೆಳಗೆ ಮೂರನೆಯ ಸಲ ಬಿರಿದಾಗ ಗೌರಕ್ಕ ಅದನ್ನು ಮತ್ತೆ ಮುದ್ದೆ ಮಾಡಿ, ಬಿಸಿನೀರು ಚಿಮುಕಿಸಿ, ಬಡಿಯಲು ತೊಡಗಿದಳು. ಪರದೇಶದಿಂದ ಹಡಗಿನಲ್ಲಿ ಬಂದ ಜೋಳಕ್ಕೆ ಜಿಗಿ ಇಲ್ಲವೆಂಬುದು ರೇಶನ್ ಅಂಗಡಿಯ ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತಿದ್ದ ಮಾತು. ಆದರೂ ಈ ಮುಂಜಾನೆ ದೋಷ ಹಿಟ್ಟಿನದಲ್ಲ, ತನ್ನ ಕೈಯದೇ ಎನ್ನಿಸುತ್ತಿತ್ತು. ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಬೇಕೆನ್ನುವಷ್ಟರಲ್ಲಿ ಅದು ಎರಡಾಗಿ ಜೋತುಬಿತ್ತು. ಅದೇ ಹೊತ್ತಿಗೆ ಕಿವಿಯಲ್ಲಿ ಮತ್ತೆ ಆ ಮಾತು: ‘ಅದು ಸುಳ್ಳರಿ.’ ಕೂಗಿ ಹೇಳಿದ್ದಲ್ಲ. ಸಿಟ್ಟೂ ಇರಲಿಲ್ಲ. ಬುಟ್ಟಿಯಲ್ಲಿ ಕೆಟ್ಟ ಬದನೆಕಾಯಿಯೊಂದು ಸಿಕ್ಕರೆ ಎತ್ತಿ ಬದಿಗಿಡುವ ಹಾಗೆ ಹುಡುಗಿ ಆ ಮಾತನ್ನು ಎತ್ತಿ ಬದಿಗಿಟ್ಟಿದ್ದಳು. ನಿನ್ನೆ ಮಧ್ಯಾಹ್ನದಿಂದ ಗೌರಕ್ಕನ ಮೈಯೆಲ್ಲ ಆ ಮಾತು ಬಿದ್ದ ಜಾಗವೇ ಆಗಿತ್ತು. ಮೈಗೆ ಬಿಸಿನೀರು ಹಾಕಿಕೊಂಡರೆ ಅಲ್ಲಿ, ವಿಭೂತಿ ಹಚ್ಚಿಕೊಂಡರೆ ಅಲ್ಲಿ. ಹಂಚು ಕಾದು ಹೊಗೆಯಾಡಿದ್ದನ್ನು ಕಂಡು ಒಲೆಯಿಂದ ಕಟ್ಟಿಗೆ ಹಿಂದಕ್ಕೆಳೆದಳು. ಇವತ್ತು ಶನಿವಾರ, ಮುಂಜಾನೆಯ ಶಾಲೆ. ಹನ್ನೊಂದಕ್ಕೆ ಗಂಟೆ ಹೊಡೆಯುವುದರೊಳಗೆ ಹುಡುಗಿಯ ಕ್ಷಮಾಪತ್ರ ಮುಖ್ಯಾಧ್ಯಾಪಕಿ ದೊಡ್ಡಕ್ಕಾರ ಮೇಜಿನ ಮೇಲೆ ಇರಬೇಕು.

ಚರ್ಚಾಸ್ಪರ್ಧೆ ಎಂದರೆ ಗೌರಕ್ಕ ಕಲಿಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಶಿಕ್ಷಕರು ಬರೆದುಕೊಡುವುದು, ಹುಡುಗಿಯರು ಬಾಯಿಪಾಠ ಮಾಡಿ ಒಪ್ಪಿಸುವುದು. ಅದು ಯಾರಿಗೂ ತಪ್ಪೆನಿಸಿರಲಿಲ್ಲ. ಮದುವೆಯಲ್ಲಿ ಭಟ್ಟರು ಹೇಳಿದ ಮಂತ್ರವನ್ನು ಮದುಮಗ ತಿರುಗಿ ಹೇಳುತ್ತಾನಲ್ಲ, ಅಷ್ಟೇ ಸಹಜ. ‘ಚಂದ್ರನಲ್ಲಿಗೆ ಯಂತ್ರಗಳನ್ನು ಕಳಿಸುವುದು ಜನರ ಹಣದ ದುಂದು’ ಎಂಬ ಈ ವರ್ಷದ ವಿಷಯವನ್ನು ಆರಿಸಿದವರು ವಿಜ್ಞಾನ ಕಲಿಸುವ ಬಿಂದುಮಾಧವ ಮಾಸ್ತರರು. ೧೯೬೬ರ ಫೆಬ್ರುವರಿಯ ಮೊದಲ ವಾರದಲ್ಲಿ ರಷ್ಯದ ಯಂತ್ರವೊಂದು ಒಡೆಯದೆ, ಮುರಿಯದೆ ಚಂದ್ರನ ಮೇಲೆ ಇಳಿದು ಫೋಟೋ ಕಳಿಸಿತ್ತು. ಅದೇ ವಾರ ಗೌರಕ್ಕ ಎರಡು ಸೇರು ಕೆಂಪು ಜೋಳಕ್ಕಾಗಿ ಒಂದೂವರೆ ತಾಸು ನಿಂತಿದ್ದಳು. ಆಕೆ ‘ಹೌದು, ದುಂದು’ ಎನ್ನುವ ಪಕ್ಷವನ್ನು ಕೇಳಿ ತೆಗೆದುಕೊಂಡಳು, ಮನಸ್ಸಿನಿಂದಲೇ ತೆಗೆದುಕೊಂಡಳು. ಕೇರಳದ ದಂಡೆಯಲ್ಲಿ ನಮ್ಮವರೂ ರಾಕೆಟ್ ಹಾರಿಸತೊಡಗಿದ್ದಾರೆ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಶಿಕ್ಷಕರ ಕೋಣೆಯಲ್ಲಿ ವಾದಿಸಿದ್ದಳು. ಆ ಪಕ್ಷಕ್ಕೆ ಎಸ್.ಎಸ್.ಎಲ್.ಸಿ. ವರ್ಗದ ಮುತ್ತವ್ವನನ್ನು ಆರಿಸಿದ್ದು ಆಕೆಯ ಧ್ವನಿ ಚೆನ್ನಾಗಿದೆಯೆಂದು. ಹಾಗೆಂದು ಎಲ್ಲರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು. ಧ್ವನಿ ಚೆನ್ನಾಗಿದ್ದವರು ವರ್ಗದಲ್ಲಿ ಇನ್ನೂ ನಾಲ್ವರಿದ್ದರು. ಅವರಲ್ಲಿ ಯಾರೂ ಧರ್ಮಾರ್ಥ ಬೋರ್ಡಿಂಗಿನಲ್ಲಿ ಉಣ್ಣುವವರಾಗಿರಲಿಲ್ಲ, ಯಾರ ತಾಯಿಯೂ ಉಣಕಲ್ಲಿನ ಆಚೆ ಕಲ್ಲಿನ ಖಣಿಯಲ್ಲಿ ಖಡಿ ಒಡೆಯುತ್ತಿರಲಿಲ್ಲ.

ಭಾಷಣದ ಮೂರನೆಯ ಪ್ಯಾರಾ ಬರೆದದ್ದು ಒಂದು ಸೋಮವಾರ ಸಂಜೆ. ತವರಿನಿಂದ ಬಂದ ಪದ್ಧತಿಯಂತೆ ಸೋಮವಾರ ಆಕೆಗೆ ಒಪ್ಪತ್ತು. ಸಂಜೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಹುಬ್ಬಳ್ಳಿಯ ಅರಳೆ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಆಕೆಗೆ ಗೊತ್ತಿದ್ದ ಹಸಿವು ಅದೊಂದೇ. ಹೊಟ್ಟೆ ತುಸು ಚುರುಗುಟ್ಟುತ್ತಿದ್ದಾಗ ಲೇಖನಿ ತಾನೇ ನಡೆದಿತ್ತು: ‘ನಾನು ಬಡವರ ಮಗಳು. ನನ್ನ ತಾಯಿ ಕಲ್ಲು ಒಡೆದು ನಮ್ಮನ್ನು ಸಾಕಿದ್ದಾಳೆ. ಎಷ್ಟೋ ರಾತ್ರಿ ನಾವು ನೀರು ಕುಡಿದು ಮಲಗಿದ್ದೇವೆ. ಆ ರಾತ್ರಿಗಳಲ್ಲಿ ಚಂದ್ರನಿಂದ ನಮ್ಮ ಮನೆಗೆ ಏನು ಬಂತು?’ ಕೊನೆಯ ವಾಕ್ಯವನ್ನು ಎರಡು ಸಲ ಓದಿಕೊಂಡು, ಒಂದು ಶಬ್ದವನ್ನು ಹಿಂದುಮುಂದು ಮಾಡಿ ಮತ್ತೆ ಓದಿದ್ದಳು. ಕಣ್ಣು ಹನಿಗೂಡಿತ್ತು. ಹುಡುಗಿ ಆ ಕಾಗದವನ್ನು ಎರಡೂ ಕೈಯಿಂದ ಇಸಿದುಕೊಂಡು, ನಾಲ್ಕು ದಿನದಲ್ಲಿ ಬಾಯಿಪಾಠ ಮಾಡಿ, ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ಅದು ಖರೆಯೋ ಸುಳ್ಳೋ ಎಂದು ಗೌರಕ್ಕ ಕೇಳಿರಲಿಲ್ಲ. ಹುಡುಗಿಯೂ ಏನೂ ಅಂದಿರಲಿಲ್ಲ. ಆ ಪ್ಯಾರಾ ಬಂದಾಗ ಮಾತ್ರ ಕಿಟಕಿಯ ಕಡೆ ನೋಡುತ್ತ ಹೇಳುತ್ತಿದ್ದಳು. ಭಾವ ತುಂಬಿ ಹೇಳುತ್ತಿದ್ದಾಳೆಂದು ಗೌರಕ್ಕನಿಗೆ ಸಂತೋಷವಾಗಿತ್ತು.

ನಿನ್ನೆ ಸಭೆಯಲ್ಲಿ ಮೊದಲೆರಡು ಪ್ಯಾರಾ ನೀರಿನ ಹಾಗೆ ಹರಿದವು. ಮುಂದಿನ ಕುರ್ಚಿಯಲ್ಲಿ ಬೋರ್ಡಿಂಗಿಗೆ ವರ್ಷವರ್ಷ ಕಾಳು ಕೊಡುವ ಹುಬ್ಬಳ್ಳಿಯ ವ್ಯಾಪಾರಸ್ಥರು ಕೂತು ತಲೆದೂಗುತ್ತಿದ್ದರು. ‘ನಾನು ಬಡವರ ಮಗಳು. ನನ್ನ ತಾಯಿ ಕಲ್ಲು ಒಡೆದು ನಮ್ಮನ್ನು ಸಾಕಿದ್ದಾಳೆ’ ಎಂದ ಮುತ್ತವ್ವ ಅಲ್ಲಿಗೆ ನಿಂತಳು. ಮರೆತಳೆಂದುಕೊಂಡು ಗೌರಕ್ಕ ಕಂಬದ ಮರೆಯಿಂದ ತುಟಿಯಲ್ಲೇ ಮುಂದಿನ ಸಾಲನ್ನು ಹೇಳಿಕೊಟ್ಟಳು. ಹುಡುಗಿ ಅತ್ತ ನೋಡಿದಳು, ತಲೆ ಅಲ್ಲಾಡಿಸಿದಳು. ಆಮೇಲೆ ಪುಸ್ತಕದ ಮಾತು ಬಿಟ್ಟು ಮನೆಯ ಮಾತಿನಲ್ಲೇ ಹೇಳಿದಳು: “ಮುಂದ ಅಕ್ಕಾರು ಬರದುಕೊಟ್ಟದ್ದು, ನಾವು ನೀರು ಕುಡದು ಮಲಗೇವಿ ಅಂತ. ಅದು ಸುಳ್ಳರಿ. ನಮ್ಮವ್ವ ನಮ್ಮನ್ನ ಒಂದಿನಾನೂ ಉಪಾಸ ಮಲಗಿಸಿಲ್ಲ. ಚಂದ್ರಾಮನ ಮ್ಯಾಲಿಂದ ಬಂದ ಫೋಟೋ ಪೇಪರನ್ಯಾಗ ಇತ್ತು. ನಮ್ಮವ್ವನ ಖಣಿ ಇದ್ದಂಗ ಐತಿ. ಅಕಿಗೆ ಒಯ್ದು ತೋರಿಸಿದ್ನಿ. ಅಕಿ ಕೆಲಸಾ ಬಿಟ್ಟು ಭಾಳೊತ್ತು ನೋಡಿದ್ಲು. ಅಷ್ಟೊತ್ತು ನಮ್ಮವ್ವ ಏನನ್ನೂ ನೋಡಿದ್ದು ನಾ ಕಂಡಿಲ್ಲ. ಅದು ದುಂದು ಅಂತ ಹೇಳಾಕ ನನಗ ಬರೂದಿಲ್ರಿ.” ನಮಸ್ಕಾರ ಮಾಡಿ ಇಳಿದು, ಬೋರ್ಡಿಂಗಿನ ಹುಡುಗಿಯರ ನಡುವೆ ಹೋಗಿ ಕೂತಳು. ಯಾರೋ ಕಿಸಕ್ಕೆಂದರು. ಚಪ್ಪಾಳೆ ಹೊಡೆಯಬೇಕೋ ಬಾರದೋ ತಿಳಿಯದೆ ಇಡೀ ಸಭೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿತ್ತು. ವ್ಯಾಪಾರಸ್ಥರು ತಿರುಗಿ, ಕಂಬದ ಮರೆಯಲ್ಲಿದ್ದ ಗೌರಕ್ಕನನ್ನು ನೋಡಿದರು. ಆಕೆಯ ಬಾಯಿ ಇನ್ನೂ ‘ಎಷ್ಟೋ ರಾತ್ರಿ’ ಎನ್ನುವ ಆಕಾರದಲ್ಲೇ ತೆರೆದಿತ್ತು.

ಮಾಳಮಡ್ಡಿಯ ಓಣಿ ದಾಟಿ ಶಾಲೆಯ ಹಾದಿ ಹಿಡಿದಾಗ ಎದುರಿಗೆ ಬಂದ ಎಂಟನೆಯ ವರ್ಗದ ಹುಡುಗಿಯರು ಮಾತು ನಿಲ್ಲಿಸಿ ನಮಸ್ಕಾರ ಮಾಡಿದರು. ಅವರು ದಾಟಿಹೋದ ಮೇಲೆ ಎಷ್ಟು ಹೆಜ್ಜೆಗೆ ಮತ್ತೆ ಮಾತು ಶುರುವಾಗುತ್ತದೆಂದು ಗೌರಕ್ಕ ಎಣಿಸಿದಳು. ಐದು. ಚೀಲದಲ್ಲಿ ಪತ್ರದ ಕರಡು ಇತ್ತು. ನಿನ್ನೆ ಸಭೆ ಮುಗಿದ ಮೇಲೆ ದೊಡ್ಡಕ್ಕಾರು ಶಿವಲಿಂಗವ್ವ ಬಾಗಿಲು ಹಾಕಿಕೊಂಡು ಹೇಳಿದ್ದರು. ಕಾಳು ಕೊಡುವವರ ಮುಂದೆ ಶಾಲೆ ಸುಳ್ಳು ಹೇಳಿಸಿತೆಂದಾಯಿತು. ಹುಡುಗಿ ‘ಗಾಬರಿಯಲ್ಲಿ ಹಾಗೆ ಅಂದೆ, ನಾವು ಉಪವಾಸ ಮಲಗಿದ್ದು ನಿಜ’ ಎಂದು ತನ್ನ ಕೈಯಿಂದ ಬರೆದು ಕ್ಷಮೆ ಕೇಳಬೇಕು. ಇಲ್ಲವಾದರೆ ಬೋರ್ಡಿಂಗಿನ ಜಾಗ ಉಳಿಸಲು ತಮ್ಮಿಂದಾಗದು. ಪರೀಕ್ಷೆಗೆ ಇನ್ನು ನಾಲ್ಕು ವಾರ. ಜಾಗ ಹೋದರೆ ಹುಡುಗಿ ಖಣಿಗೆ ಹೋಗುತ್ತಾಳೆ, ಪರೀಕ್ಷೆಗಲ್ಲ. ‘ಪತ್ರದ ಮಜಕೂರು ನೀನ ಬರದುಕೊಡು’ ಎಂದಿದ್ದರು ದೊಡ್ಡಕ್ಕಾರು, ‘ನಿನ್ನ ಭಾಷಾ ಛಲೋ ಐತಿ.’ ಗೌರಕ್ಕ ಬರೆದಿದ್ದಳು. ಒಬ್ಬಳ ಬಾಯಿಗೆ ಇಡಬೇಕಾದ ಮಾತನ್ನು ಎರಡನೆಯ ಸಲ ಬರೆಯುವಾಗ ಕೈ ನಡುಗಲಿಲ್ಲವೆಂಬುದೇ ಆಮೇಲೆ ಆಕೆಯನ್ನು ಹೆದರಿಸಿತ್ತು. ಬೋರ್ಡಿಂಗಿಗೆ ಕಳಿಸಿದ ಆ ಕರಡು ಈ ಮುಂಜಾನೆಯೇ ಹಿಂದಿರುಗಿ ಬಂದಿತ್ತು. ನಮ್ಮವ್ವನ ಮ್ಯಾಲೆ ಸುಳ್ಳು ಬರದು ಸಹಿ ಮಾಡೂದಿಲ್ಲ ಅಂದಳಂತೆ, ಅತ್ತಳಂತೆ, ಆದರೆ ಮಾಡೂದಿಲ್ಲ ಅಂದಳಂತೆ.

ಶಾಲೆಯ ಗೇಟಿನ ಹತ್ತಿರ ಯಾಕೋ ತಾನು ಕಲಿತ ಕಾಲೇಜಿನ ಮಾಳಿಗೆ ನೆನಪಾಯಿತು. ಬೆಳಗಾವಿಯಿಂದ ಬಂದ ಉಪನ್ಯಾಸಕರೊಬ್ಬರು ಅಲ್ಲಿ ದುರ್ಬೀನು ನಿಲ್ಲಿಸಿದ್ದರು, ಶನಿಗ್ರಹದ ಬಳೆ ತೋರಿಸುವುದಕ್ಕೆ. ಮುಸ್ಸಂಜೆ, ಉದ್ದ ಸಾಲು, ಗಂಡುಹುಡುಗರ ನಗೆ. ತನ್ನ ಪಾಳಿ ಬಂದಾಗ ಕಣ್ಣು ಇಟ್ಟಳು. ಕಂಡದ್ದು ಕತ್ತಲು, ಕತ್ತಲಲ್ಲಿ ತನ್ನದೇ ರೆಪ್ಪೆಯ ಕೂದಲು. ‘ಕಾಣ್ತೈತೇನವಾ?’ ಎಂದು ಕೇಳಿದರು. ಹಿಂದೆ ಮೂವತ್ತು ಮಂದಿ ನಿಂತಿದ್ದರು. ‘ಕಾಣ್ತೈತ್ರಿ’ ಎಂದಳು. ಮನೆಗೆ ಹೋಗಿ ಅಪ್ಪನಿಗೆ ಆ ಬಳೆಯನ್ನು ಪುಸ್ತಕದಲ್ಲಿ ಓದಿದಂತೆ ವರ್ಣಿಸಿದಳು. ಅಪ್ಪ ಅರಳೆಯ ಅಡತಿ ಅಂಗಡಿಗೆ ಬಂದವರಿಗೆಲ್ಲ, ನಮ್ಮ ಗೌರಿ ಶನಿಯ ಬಳೆ ಕಣ್ಣಾರೆ ನೋಡ್ಯಾಳ ಎಂದು ವರ್ಷಗಟ್ಟಲೆ ಹೇಳುತ್ತಿದ್ದ. ಕೇಳಿ ಕೇಳಿ ಕೊನೆಗೆ ಅದು ಕಂಡೇ ಇತ್ತೇನೋ ಎನ್ನಿಸತೊಡಗಿತ್ತು. ತನ್ನ ಮಟ್ಟಿಗೆ ಚಂದ್ರನ ಯಂತ್ರ ದುಂದೆಂದು ಅಷ್ಟು ಬಿರುಸಿನಿಂದ ಬರೆದದ್ದು ಜೋಳದ ಸಾಲಿನ ಸಿಟ್ಟಿಗೋ, ಆ ಕತ್ತಲ ಮೇಲಿನ ಸಿಟ್ಟಿಗೋ? ನಿನ್ನೆವರೆಗೆ ಈ ಪ್ರಶ್ನೆ ಇರಲಿಲ್ಲ.

ಶಿಕ್ಷಕರ ಕೋಣೆಯಲ್ಲಿ ಬಿಂದುಮಾಧವ ಮಾಸ್ತರರು ಎದ್ದು ಕುರ್ಚಿ ಸರಿಸಿಕೊಟ್ಟರು. ಆ ಮರ್ಯಾದೆಯಲ್ಲೇ ಒಂದು ನಗೆ ಇತ್ತು. “ನಮ್ಮ ಪಕ್ಷದ ಹುಡುಗ್ಯಾರು ಹವಾಮಾನ ಅಂದ್ರು, ತಂತಿ ಅಂದ್ರು, ನಾ ಬರದದ್ದೆಲ್ಲಾ ಒದರಿದ್ರು, ಒಬ್ಬರೂ ಕಣ್ಣು ತೆರೀಲಿಲ್ಲ. ನಿಮ್ಮಾಕಿ ಒಂದು ಖಣಿ ತೋರಿಸಿ ಗೆಲ್ಲಿಸಿಬಿಟ್ಲಲ್ರೀ ನಮ್ಮನ್ನ. ಚಹಾ ನಾನ ಕುಡಸಬೇಕಾತು ಈಗ.” ಗೌರಕ್ಕ ನಗಲು ನೋಡಿದಳು, ಕೆನ್ನೆ ಒಪ್ಪಲಿಲ್ಲ. ಮಾಸ್ತರರಿಗೂ ಅದು ತಿಳಿಯಿತೇನೋ, ದನಿ ಇಳಿಸಿ ಬೇರೆ ಮಾತು ತೆಗೆದರು. ಆ ಯಂತ್ರ ಮೂರು ದಿನಕ್ಕೇ ಸುಮ್ಮನಾಯಿತಂತೆ, ಬ್ಯಾಟರಿ ಮುಗಿದು. ಕೋಟಿಗಟ್ಟಲೆ ಸುರಿದು ಮೂರು ದಿನ ನೋಡಿದರು. “ಈಗ ಅದೂ ಅಲ್ಲೊಂದು ಕಲ್ಲು ಆಗಿ ಕೂತದ. ಖರೇ ಹೇಳ್ಬೇಕಂದ್ರ, ನಾ ಬರದದ್ದನ್ನ ನಾನ ಪೂರಾ ನಂಬೂದಿಲ್ರಿ.” ಅವರು ಎಷ್ಟು ಸಲೀಸಾಗಿ ಹೇಳಿಬಿಟ್ಟರೆಂದು ಗೌರಕ್ಕ ಬೆರಗಾದಳು. ತಾನು ಬರೆದದ್ದನ್ನು ತಾನು ನಂಬಿದ್ದಳು. ಅದೇ ಕುತ್ತಿಗೆಗೆ ಬಂದಿತ್ತು.

ಎರಡನೆಯ ತಾಸು ಮುಗಿಯುವ ಹೊತ್ತಿಗೆ, ಬೋರ್ಡಿಂಗಿನವರು ರಾತ್ರಿಯೇ ಹೇಳಿಕಳಿಸಿದ್ದರಿಂದ ಮುತ್ತವ್ವನ ತಾಯಿ ಬಂದಿದ್ದಾಳೆಂದು ಯಾರೋ ಹೇಳಿಹೋದರು. ಸಾವಂತ್ರೆವ್ವ ಹಿತ್ತಲ ಕಡೆಯ ಮೆಟ್ಟಿಲ ಕೆಳಗೆ, ನಳದ ಹತ್ತಿರ ನಿಂತಿದ್ದಳು. ಕೈಯಲ್ಲಿ ಮಗಳಿಗೆ ತಂದ ಬುತ್ತಿಯ ಗಂಟು. ಸೀರೆ ಒಗೆದದ್ದು, ಆದರೆ ಹುಬ್ಬಿನ ಕೂದಲಲ್ಲಿ, ಕಿವಿಯ ಹಿಂದೆ ಕಲ್ಲಿನ ಬೂದುಬಣ್ಣದ ಪುಡಿ ಉಳಿದಿತ್ತು. ಬಾ ಎನ್ನಬೇಕೋ ಬರ್ರಿ ಎನ್ನಬೇಕೋ ಎಂದು ಗೌರಕ್ಕ ಒಂದು ಕ್ಷಣ ತಡೆದಳು. ‘ಮ್ಯಾಲೆ ಬರ್ರಿ’ ಎಂದಾಗ ಆ ಹೆಂಗಸು, ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಮೇಲೆ ಬರಲಿಲ್ಲ. ಕೊನೆಗೆ ಗೌರಕ್ಕನೇ ಎರಡು ಮೆಟ್ಟಿಲು ಇಳಿದು ನಿಂತಳು. ಬೈಗುಳಕ್ಕೆ ಸಿದ್ಧಳಾಗಿದ್ದಳು, ರಾತ್ರಿಯೆಲ್ಲ ಅದಕ್ಕೆ ಉತ್ತರ ಜೋಡಿಸಿಕೊಂಡಿದ್ದಳು. ನನ್ನ ಸಂಸಾರ ಊರ ಮುಂದ ಯಾಕ ಬಿಚ್ಚಿಟ್ಟೆ, ಇಲ್ಲದ್ದು ಯಾಕ ಕಟ್ಟಿದಿ ಎಂದು ಕೇಳಿದರೆ, ತಪ್ಪಾಯಿತು ಎಂದು ಮೊದಲು ಹೇಳಿಬಿಡಬೇಕು.

ಸಾವಂತ್ರೆವ್ವ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಸುತ್ತ ನೋಡಿ, ತೀರ ಸಣ್ಣ ದನಿಯಲ್ಲಿ ಕೇಳಿದಳು: “ನಿಮಗ ಹ್ಯಾಂಗ ಗೊತ್ತಾತ್ರಿ, ಅಕ್ಕಾರ?”

ಏನು ಎಂದು ಗೌರಕ್ಕನಿಗೆ ತಿಳಿಯಲಿಲ್ಲ.

“ನೀರು ಕುಡದು ಮಲಗಿದ್ದು. ಅದನ್ನ ನಾ ಯಾರ ಮುಂದೂ ಅಂದಿಲ್ಲ. ಅವರಪ್ಪ ತೀರಿದ ವರ್ಷಾ, ಆಮ್ಯಾಲೆ ಈ ಎರಡು ವರ್ಷಾ. ಹುಡುಗೂರಿಗೆ ಹಾಕಿ, ನಂದು ಆಗೈತಿ ಅಂತಿದ್ನಿ. ಗಡಗಿಯೊಳಗ ಚಮಚಾ ಆಡಿಸಿ ಸಪ್ಪಳಾ ಮಾಡ್ತಿದ್ನಿ, ಅವು ಕೇಳ್ಲಿ ಅಂತ. ಮುತ್ತವ್ವಗ ಗೊತ್ತಿಲ್ರಿ. ಗೊತ್ತಾಗಾಕ ನಾ ಬಿಟ್ಟಿಲ್ಲ. ನಿಮಗ ಯಾರು ಹೇಳಿದ್ರು?”

ನಳದಿಂದ ನೀರು ಒಂದೊಂದೇ ಹನಿಯಾಗಿ ಬೀಳುತ್ತಿತ್ತು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ದೊಡ್ಡ ಜಾಗವಿದೆಯೆಂದು, ಆ ಜಾಗದಲ್ಲಿ ತಾನು ನಿಂತಿದ್ದೇನೆಂದು ಗೌರಕ್ಕನಿಗೆ ಕಂಡಿತು. ನಿನ್ನೆಯಿಂದ ಹೊತ್ತುಕೊಂಡು ತಿರುಗಿದ ತಪ್ಪು ಒಮ್ಮೆಲೆ ಕೈಯಿಂದ ಜಾರಿತ್ತು, ಆದರೆ ಹಗುರವಾಗಲಿಲ್ಲ. ಸುಳ್ಳೆಂದು ನಾಚಿ ಬೆವೆತ ಮಾತು ಖರೆಯಾಗಿತ್ತು. ಎರಡು ಬಾಳೆಹಣ್ಣಿನ ಹಸಿವಿನಲ್ಲಿ, ಕಣ್ಣಲ್ಲಿ ನೀರು ತಂದುಕೊಂಡು, ಶಬ್ದ ಹಿಂದುಮುಂದು ಮಾಡುತ್ತ, ಈ ಹೆಂಗಸು ಇಷ್ಟು ವರ್ಷ ಚಮಚದ ಸಪ್ಪಳದಿಂದ ಮುಚ್ಚಿಟ್ಟದ್ದನ್ನು ತಾನು ಗುರಿಯಿಲ್ಲದೆ ಎಸೆದ ಕಲ್ಲಿನಂತೆ ಹೋಗಿ ಮುಟ್ಟಿದ್ದಳು. ಯಾರೂ ಹೇಳಲಿಲ್ಲ, ಸುಮ್ಮನೆ ಬರೆದೆ ಎಂದಳು. ಸಾವಂತ್ರೆವ್ವ ನಂಬಿದಂತೆ ಕಾಣಲಿಲ್ಲ. ಇಷ್ಟು ಕಲಿತವರಿಗೆ ಗೊತ್ತಾಗುವ ಹಾದಿ ಬೇರೆ ಇರುತ್ತದೆಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಳು. ಬಂದದ್ದು ಒಂದು ಮಾತು ಕೇಳಿಕೊಳ್ಳುವುದಕ್ಕೆ. ಪತ್ರಕ್ಕೆ ಸಹಿ ಮಾಡೆಂದು ಮಗಳಿಗೆ ಹೇಳುತ್ತಾಳೆ, ಕಾಲಿಗೆ ಬೀಳಿಸುತ್ತಾಳೆ, ಜಾಗ ತಪ್ಪಿಸಬಾರದು. ಆದರೆ ಅದು ಖರೆ ಎಂದು ಮಾತ್ರ ಅಕ್ಕಾರು ಹುಡುಗಿಗೆ ಹೇಳಬಾರದು. “ಗೊತ್ತಾದ್ರ ಅಕಿ ಇಲ್ಲೀತನಾ ಉಂಡದ್ದೆಲ್ಲಾ ಹೊಟ್ಯಾಗ ಕಲ್ಲಾಗಿ ಕೂಡ್ತೈತ್ರಿ.”

ಏನು ಕೇಳುತ್ತಿದ್ದೇನೆಂದು ಅರಿವಾಗುವ ಮೊದಲೇ ಗೌರಕ್ಕ ಫೋಟೋದ ಮಾತು ಕೇಳಿಬಿಟ್ಟಳು. ಪೇಪರಿನ ಫೋಟೋವನ್ನು ಬಹಳ ಹೊತ್ತು ನೋಡಿದಿರಂತಲ್ಲ, ಏನು ಕಂಡಿತು?

ಮೊದಲ ಸಲ ಆ ಹೆಂಗಸಿನ ಮುಖದಲ್ಲಿ ನಗೆ ಬಂತು. “ಕಲ್ಲರಿ. ಯಾರೂ ಒಡೀದ ಕಲ್ಲು. ನಮ್ಮ ಖಣಿ ಮುಕಾದಮ ನೋಡಿದ್ರ ನಾಳೆನ ಒಡ್ಯಾಕ ಮಂದೀನ ಹಚ್ಚತಿದ್ದ.” ಆಮೇಲೆ ನಗೆ ಒಳಗೆ ಹೋಯಿತು. “ನನ್ನ ಕೇಳಿದ್ರ, ಆ ರೊಕ್ಕದಾಗ ಜ್ವಾಳಾ ತರಬೇಕಿತ್ತು ಅಂತೀನ್ರಿ. ನೀವು ಬರದದ್ದ ಬರೋಬ್ಬರಿ ಐತಿ. ಆದ್ರ ಅಕಿ ಬೆರಳಿಟ್ಟು, ಇದು ನೆಳ್ಳು, ಇದು ತೆಗ್ಗು, ಅವ್ವಾ ನೋಡು ಅಂತ ಹೇಳಾಕತ್ತಿದ್ಲು. ಕಲ್ಲು ನಾ ದಿನಾ ನೋಡ್ತೀನಿ. ನಾ ನೋಡಿದ್ದು ಅಕಿ ಮಾರೀನ. ಅಷ್ಟು ಬೆಳಕು ಅಕಿ ಮಾರಿ ಮ್ಯಾಲೆ ನಾ ಎಂದೂ ಕಂಡಿದ್ದಿಲ್ರಿ.” ತುಸು ಬಿಟ್ಟು ಮತ್ತೆ ಕೇಳಿದಳು, ಬೇರೆ ಯಾರೂ ಹೇಳಲಾರರೆಂಬಂತೆ: “ಅಲ್ಲೆ ಬಿಸಲು ಭಾಳ ಐತೇನ್ರಿ?”

ಐತಿ ಅಂತಾರ ಎಂದಳು ಗೌರಕ್ಕ. ಉತ್ತರ ಸರಿಯೋ ತಪ್ಪೋ ಆಕೆಗೂ ಗೊತ್ತಿರಲಿಲ್ಲ.

ಖಾಲಿ ವರ್ಗದಲ್ಲಿ ಕೂತು ಚೀಲದಿಂದ ಕರಡನ್ನು ತೆಗೆದಳು. ‘ನಾವು ಉಪವಾಸ ಮಲಗಿದ್ದು ನಿಜ.’ ನಿನ್ನೆ ಇದು ಸುಳ್ಳಾಗಿತ್ತು, ಬರೆಯುವಾಗ ಕೈ ನಡುಗಿರಲಿಲ್ಲ. ಇವತ್ತು ಇದೊಂದೇ ಇಡೀ ಪತ್ರದಲ್ಲಿ ಖರೆಯ ಸಾಲು. ಅದನ್ನು ಆ ಹುಡುಗಿಯ ಕಣ್ಣಿಗೆ ಬೀಳಿಸಬಾರದು. ಕರಡನ್ನು ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡಳು. ಬೇರೆ ಹಾಳೆ ತೆಗೆದು, ತನ್ನ ಹೆಸರು, ತನ್ನ ಹುದ್ದೆ ಬರೆದಳು. ಜೀವಮಾನವಿಡೀ ಒಂದು ಶಬ್ದಕ್ಕೆ ಎರಡು ಸಲ ಯೋಚಿಸಿದವಳು ಈಗ ತಡೆಯದೆ ಬರೆದಳು: ‘ಸದರಿ ವಿದ್ಯಾರ್ಥಿನಿಯ ಮನೆಯವರು ಎಂದೂ ಉಪವಾಸ ಮಲಗಿಲ್ಲ. ಭಾಷಣ ಮನಮುಟ್ಟಲೆಂದು ನಾನು ಅದನ್ನು ಕಟ್ಟಿ ಬರೆದೆ. ವಿದ್ಯಾರ್ಥಿನಿ ಸಭೆಯಲ್ಲಿ ಹೇಳಿದ್ದು ಸತ್ಯ. ತಪ್ಪು ನನ್ನದು.’ ಸಹಿ ಹಾಕಿ, ಶಾಯಿ ಒಣಗುವುದನ್ನು ಕಾಯದೆ ಎದ್ದಳು.

ದೊಡ್ಡಕ್ಕಾರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿಯ ಮಟ್ಟಿಗೆ ಇದು ಸಾಕು, ಇದನ್ನು ತೋರಿಸಿ ಜಾಗ ಉಳಿಸಬಹುದು ಎಂದರು. ಕಾಗದವನ್ನು ಮಡಚುತ್ತ, ಮಡಿಕೆಯನ್ನು ಉಗುರಿನಿಂದ ತೀಡುತ್ತ ನಿಧಾನವಾಗಿ ಹೇಳಿದರು: “ಜೂನದಾಗ ನಿನ್ನ ನೌಕರಿ ಕಾಯಂ ಆಗೂ ವಿಷಯ ಕಮಿಟಿ ಮುಂದ ಬರೂದೈತಿ, ಗೌರಕ್ಕ. ಅವರು ಇದನ್ನ ಓದ್ತಾರ.” ಓದಲಿ ಎನ್ನುವ ಧೈರ್ಯ ಆಕೆಗೆ ಇರಲಿಲ್ಲ. ಹೌದ್ರಿ ಎಂದಷ್ಟೇ ಹೇಳಿ ಹೊರಗೆ ಬಂದಳು.

ಹಿತ್ತಲ ಮೆಟ್ಟಿಲ ಮೇಲೆ ತಾಯಿ ಮಗಳು ಕೂತಿದ್ದರು. ಬುತ್ತಿಯ ಗಂಟು ಬಿಚ್ಚಿತ್ತು, ಮುತ್ತವ್ವ ರೊಟ್ಟಿ ಮುರಿಯುತ್ತಿದ್ದಳು. ನೀನೂ ತಿನ್ನವ್ವಾ ಎಂದು ತಾಯಿಯ ಕಡೆ ಒಂದು ತುಣುಕು ಚಾಚಿದರೆ, ನಂದು ಮುಂಜಾನೇನ ಆಗೈತಿ ಎನ್ನುತ್ತಿದ್ದಳು ಸಾವಂತ್ರೆವ್ವ. ಗೌರಕ್ಕ ಆ ಮಾತನ್ನು ಕೇಳಿದಳು. ಕೇಳಿದ್ದು ಮುಖದಲ್ಲಿ ಕಾಣಬಾರದೆಂದು ಆ ಕ್ಷಣ ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡಳು. ಹುಡುಗಿ ಎದ್ದು ನಿಂತಳು. ರಾತ್ರಿ ಅತ್ತ ಕಣ್ಣು ಊದಿತ್ತು. ಸಹಿ ಮಾಡುವುದು ಬೇಡ, ಓದಿಕೋ ಹೋಗು ಎಂದಳು ಗೌರಕ್ಕ. ಮುತ್ತವ್ವ ಹೋಗಲಿಲ್ಲ. ಅಂಗಾಲಿನಿಂದ ಮೆಟ್ಟಿಲನ್ನು ಒರೆಸುತ್ತ ನಿಂತು, ಕೊನೆಗೆ ಮುಖವೆತ್ತಿದಳು.

“ಅಕ್ಕಾರ, ನಿಮಗ ಅವಮಾನ ಆಗ್ಲಿ ಅಂತ ನಾ ಅನ್ನಲಿಲ್ರಿ. ಆದ್ರ ನಾ ಹೇಳಿದ್ದು ಖರೇ ಇತ್ತಲ್ರಿ?”

ದುರ್ಬೀನಿನ ತಣ್ಣನೆಯ ಹಿತ್ತಾಳೆ ಕಣ್ಣಿಗೆ ತಾಗಿದಂತಾಯಿತು. ಸಾವಂತ್ರೆವ್ವ ಇಬ್ಬರನ್ನೂ ನೋಡುತ್ತಿರಲಿಲ್ಲ. ಉಳಿದ ರೊಟ್ಟಿಯನ್ನು ಅರಿವೆಯಲ್ಲಿಟ್ಟು ಗಂಟು ಕಟ್ಟುತ್ತಿದ್ದಳು. ಕಟ್ಟುವ ಕೈ ನಡುವೆಯೇ ನಿಂತಿತ್ತು.

“ಖರೇನ ಐತಿ” ಎಂದಳು ಗೌರಕ್ಕ.

ಸಾವಂತ್ರೆವ್ವ ಗಂಟನ್ನು ಬಿಗಿದಳು.